ಅರವತ್ತನಾಲ್ಕು ಲಕೋಟೆ

ನನ್ನ ಕೂದಲು ಮಹಡಿ ಹತ್ತಿತು. ನಾನು ಹತ್ತಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೀಗಾಯಿತು.

ನನ್ನ ಹೆಸರು ಮಾದೇವಿ. ಅಂಬಿಗರವಳು. ಅಘನಾಶಿನಿ ಹೊಳೆ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ದಂಡೆಯ ಮೇಲೆ ನಮ್ಮ ಕಟ್ಟಿನಕೇರಿ. ಗಂಡಸರು ದೋಣಿಗೆ, ಹೆಂಗಸರು ಬಳಚಿಗೆ, ಅಂದರೆ ಚಿಪ್ಪುಮೀನಿಗೆ. ಇಳಿತ ಆದಾಗ ಹೊಳೆಯ ಕೆಸರಿಗೆ ಇಳಿಯಬೇಕು. ಸೊಂಟ ಬಗ್ಗಿಸಿ, ಬೆರಳಿನಿಂದ ಕೆದಕಿ ಕೆದಕಿ ಚಿಪ್ಪು ಹೆಕ್ಕಬೇಕು. ಉಗುರಿನ ಸಂದು ಒಡೆಯುತ್ತದೆ. ಉಪ್ಪುನೀರು ಒಡೆದ ಜಾಗವನ್ನೇ ಹುಡುಕಿ ಹೋಗುತ್ತದೆ. ನಾನೂ ಹೆಕ್ಕಿದವಳೇ. ಹೆಕ್ಕುತ್ತ ಹೆಕ್ಕುತ್ತ ಎಸ್ಸೆಸ್ಸೆಲ್ಸಿ ಪಾಸಾದೆ. ಕೇರಿಗೆ ನಾನೇ ಮೊದಲು. ಪಾಸಾದ ಮೇಲೆ ಮತ್ತೆ ಎರಡು ವರ್ಷ ಬಳಚೇ ಹೆಕ್ಕಿದೆ. ಪಾಸಾದದ್ದು ಬಳಚಿಗೆ ಗೊತ್ತಾಗಲಿಲ್ಲ.

ಹೊಳೆಯ ಮೇಲ್ದಂಡೆಯಲ್ಲಿ ಒಂದು ಕಾರ್ಖಾನೆ ಬಂದಿತ್ತು. ಉಪ್ಪುನೀರಿಗೆ ಕರೆಂಟು ಹಾಯಿಸಿ ಕಾಸ್ಟಿಕ್ ಸೋಡಾ ಮಾಡುತ್ತಿದ್ದರು. ಸೋಡಾ ಫ್ಯಾಕ್ಟರಿ ಅಂತಿದ್ದೆವು. ಗೋಲಿ ಸೋಡಾ ಕೊಡುತ್ತಾರೆ ಅಂತ ಮೊದಲ ವರ್ಷ ಮಕ್ಕಳು ಗೇಟಿನ ಮುಂದೆ ಸಾಲಾಗಿ ನಿಂತದ್ದೂ ಉಂಟು. ಸೋಡಾ ಬರಲಿಲ್ಲ. ದೊಡ್ಡ ಪೈಪಿನಿಂದ ಹೊಳೆಗೆ ನೀರು ಬಂತು. ಆ ಕೆಲಸಕ್ಕೆ ಪಾದರಸ ಬೇಕಂತೆ. ಪೈಪಿನ ನೀರಿನ ಜತೆ ಪಾದರಸ ಹೊಳೆಗೆ, ಹೊಳೆಯಿಂದ ಬಳಚಿಗೆ, ಬಳಚಿನಿಂದ ನಮ್ಮ ಹೊಟ್ಟೆಗೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಇಷ್ಟೇ: ನನ್ನ ಅವ್ವಿಗೆ ಕೈ ನಡುಗುತ್ತಿತ್ತು. ಅವಳ ಹೆಸರು ಸುಬ್ಬಿ. ವಯಸ್ಸು ನಲವತ್ತೆರಡು. ಚಾ ಕುಡಿಯುವಾಗ ಅರ್ಧ ಬಾಯಿಗೆ, ಅರ್ಧ ಸೀರೆಗೆ. "ಸೀರೆಗೂ ಚಾ ಬೇಕಾತದೆ" ಅನ್ನುತ್ತಿದ್ದಳು. ಡಾಕ್ಟರರು ರಕ್ತ ಕಮ್ಮಿ ಅಂದರು. ಕೇರಿಯಲ್ಲಿ ಕೈ ನಡುಗುವವರು ಹತ್ತು ಹನ್ನೆರಡು ಜನ ಆಗಿದ್ದರು. ಹನ್ನೆರಡು ಜನಕ್ಕೂ ರಕ್ತ ಕಮ್ಮಿ.

ಎಂಬತ್ತನಾಲ್ಕರಲ್ಲಿ ಕುಮಟೆಯ ಒಂದು ಹಂಚಿನ ಗೋದಾಮಿನ ಮಹಡಿಗೆ ಹೊಸ ಆಫೀಸು ಬಂತು. ಮನುಷ್ಯರ ಮೈಯಲ್ಲಿ ಎಷ್ಟು ವಿಷ ಸೇರಿದೆ ಅಂತ ನೋಡುವ ಆಫೀಸು. ಕೂದಲಿನಲ್ಲಿ ಪಾದರಸ ಉಳಿಯುತ್ತದಂತೆ. ಕೂದಲು ಕತ್ತರಿಸಿ, ತೊಳೆದು, ಲಕೋಟೆಗೆ ಹಾಕಿ, ನಂಬರು ಬರೆದು ದೊಡ್ಡ ಪ್ರಯೋಗಾಲಯಕ್ಕೆ ಕಳಿಸುವುದು. ಅಲ್ಲಿಂದ ಬಂದ ಅಂಕಿಯನ್ನು ರಿಜಿಸ್ಟರಿಗೆ ಏರಿಸುವುದು. ಕೇರಿಗಳಿಗೆ ಹೋಗಲು, ಅಕ್ಷರ ಚಂದ ಇರುವ ಒಬ್ಬಳು ಹುಡುಗಿ ಬೇಕಿತ್ತು. ನನ್ನ ಅಕ್ಷರ ಚಂದ. ಕೆಲಸ ಸಿಕ್ಕಿತು.

ಆಫೀಸಿನ ಉಸ್ತುವಾರಿ ಕಮಲಾಕರ ಸರ್‌ದು. ಮೂವತ್ತು ವರ್ಷ ಇರಬಹುದು. ಮೆತ್ತಗೆ ಮಾತಾಡುವ ಜನ. ಬೈಯುವಾಗಲೂ ಬಹುವಚನ. ಮೊದಲ ದಿನ ನನ್ನನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಹೇಳಿದರು. "ನೀವು ಕೆಳಗೆ ಜಗಲಿಯಲ್ಲೇ ಕೂತು ಬರೀರಿ. ಮೇಲೆ ಯಂತ್ರ ಇದೆ, ಕಾಗದ ಪತ್ರ ಇದೆ. ಮೀನಿನ ವಾಸನೆ ಹಿಡಿದರೆ ಹೋಗೋದಿಲ್ಲ."

ನಾನು ಬೆಳಿಗ್ಗೆ ಸೀಗೇಕಾಯಿ ಹಾಕಿ ತಲೆ ಮಿಂದಿದ್ದೆ. ಅಬ್ಬಲಿಗೆ ಮುಡಿದಿದ್ದೆ. ಆದರೂ ಅವರ ಮೂಗಿಗೆ ತಾರ್ಲೆ ಮೀನೇ ಬಂತು. ಜಗಲಿಯಲ್ಲೇ ಕೂತೆ. ಕಲಿಸುವುದಕ್ಕೆ ಅಂತ ಮೊದಲು ನನ್ನದೇ ಕೂದಲು ತೆಗೆದರು. ಕುತ್ತಿಗೆಯ ಮೇಲೆ, ಬುಡದಿಂದ, ಪೆನ್ಸಿಲ್ ದಪ್ಪ. ಲಕೋಟೆ ನಂಬರು ಒಂದು. ಆಫೀಸಿನ ಜವಾನ ಬೊಮ್ಮಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಹಡಿಗೆ ಒಯ್ದ. ದೇವರ ಪ್ರಸಾದ ಒಯ್ದ ಹಾಗೆ.

ಕೇರಿಯಲ್ಲಿ ಕೂದಲು ಕೇಳುವುದು ಅಂದರೆ ಸುಲಭ ಅಲ್ಲ. ಗಂಡ ಇದ್ದವಳ ತಲೆಗೆ ಕತ್ತರಿ ತಾಗಬಾರದು. ಮತ್ತೆ, ಕೂದಲು ಯಾರ ಕೈಗಾದರೂ ಸಿಕ್ಕರೆ ಮಾಟ ಮಾಡುತ್ತಾರೆ. ಎಲ್ಲರಿಗಿಂತ ದೊಡ್ಡ ಬಾಯಿ ದುರ್ಗಕ್ಕನದು. ಮೂವತ್ತು ವರ್ಷ ಬುಟ್ಟಿ ಹೊತ್ತು ಕುಮಟೆ ಪೇಟೆಯಲ್ಲಿ ಮೀನು ಮಾರಿದವಳು. ಅವಳು ಒಪ್ಪಿದರೆ ಕೇರಿ ಒಪ್ಪಿತು.

"ಕೂದಲು ತಗಂಡು ಎಂತ ಮಾಡ್ತ್ರು? ಚೌರಿ ಮಾಡಿ ಮಾರ್ತ್ರನಾ?"

"ಪಾದರಸ ನೋಡ್ತ್ರು ದುರ್ಗಕ್ಕ. ಎಷ್ಟು ಉಂಟು ಅಂತ ಅಂಕಿ ಬತ್ತದೆ. ಅವ್ವಿ ಕೈ ಎಂತಕೆ ನಡಗ್ತದೆ ಅಂತ ಗೊತ್ತಾತದೆ."

"ಗೊತ್ತಾಗೂದು ಯಾರಿಗೆ? ನಮಗಾ, ಅವರಿಗಾ?"

"ನಿಮಗೇ. ಅಂಕಿ ಬಂದ ಕೂಡ್ಲೆ ನಾನೇ ಬಂದು ಹೇಳ್ತೆ. ಒಬ್ಬೊಬ್ಬರದ್ದೂ ಹೇಳ್ತೆ."

ಕುತ್ತಿಗೆಯ ಹಿಂದೆ ಕತ್ತರಿಸಿದ ಜಾಗ ತೋರಿಸಿದೆ. ದುರ್ಗಕ್ಕ ಬೆರಳಿಟ್ಟು ನೋಡಿದಳು. ಆಮೇಲೆ ತುರುಬು ಬಿಚ್ಚಿ ಕೂತಳು. "ಹೂವು ಮುಡಿದ್ರೆ ಮುಚ್ಚತದೆ, ಕತ್ತರಿಸು" ಅಂದಳು. ಆ ವಾರ ಅರವತ್ತನಾಲ್ಕು ಲಕೋಟೆ ತುಂಬಿತು. ಇಪ್ಪತ್ತನೆಯದು ಪಕ್ಕದ ಮನೆಯ ಬೀರನ ಮಗುವಿನದು. ಹತ್ತು ತಿಂಗಳ ಕೂಸು. ದೇವಸ್ಥಾನದಲ್ಲಿ ತೆಗೆಸಿದ ಮೊದಲ ಕೂದಲನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ಅದರಲ್ಲೇ ಒಂದು ಚಿಟಿಕೆ ಕೊಟ್ಟರು.

ತೊಳೆಯುವ ಕೆಲಸ ನನ್ನದು. ಮೇಲೆ ನಲ್ಲಿ ಇತ್ತು. ನಾನು ಕೆಳಗೆ ಬಾವಿಕಟ್ಟೆಯಲ್ಲಿ ತೊಳೆದೆ. ಮೊದಲು ಸೋಪಿನ ನೀರು, ಆಮೇಲೆ ಸ್ಪಿರಿಟ್ ಹಾಗೆ ವಾಸನೆ ಬರುವ ಒಂದು ಔಷಧ, ಕೊನೆಗೆ ಬಟ್ಟಿ ಇಳಿಸಿದ ನೀರು. ಒಂದೊಂದು ಮಾದರಿಗೂ ಹೀಗೆ ಮೂರು ಸಲ. ಪುಸ್ತಕದಲ್ಲಿ ಹಾಗೆ ಬರೆದಿತ್ತು. ಔಷಧಕ್ಕೆ ಬೆರಳಿನ ಚರ್ಮ ಬಿಳಿಚಿ, ಸಿಪ್ಪೆ ಎದ್ದು ಬಂತು. ಕೈಗವಸು ಕೇಳಿದೆ. ಒಂದೇ ಜತೆ ಇದೆ, ಅದು ಮೇಲಿನವರಿಗೆ ಅಂದರು. ಸಿಪ್ಪೆ ಎದ್ದ ಬೆರಳಲ್ಲೇ ಅರವತ್ತನಾಲ್ಕೂ ತೊಳೆದೆ. ಆಮೇಲೆ ಎರಡು ತಿಂಗಳು, ಪೇಟೆಯಿಂದ, ಬೇರೆ ಊರುಗಳಿಂದ ಬಂದ ಕೂದಲನ್ನೂ ತೊಳೆದೆ. ಒಂದೊಂದರಲ್ಲಿ ಅರ್ಧ ಪ್ರಯೋಗಾಲಯಕ್ಕೆ ಹೋಯಿತು. ಇನ್ನರ್ಧ ಲಕೋಟೆಯಲ್ಲೇ ಮಹಡಿಯ ಕಪಾಟಿನಲ್ಲಿ ಉಳಿಯಿತು. ಮುಂದೆ ಅನುಮಾನ ಬಂದರೆ ಮತ್ತೊಮ್ಮೆ ನೋಡಲಿಕ್ಕೆ.

ಕಳಿಸಿ ಎರಡು ತಿಂಗಳಿಗೆ ಅಂಕಿ ಬಂತು. ಟೈಪು ಮಾಡಿದ ಉದ್ದ ಹಾಳೆ. ಆರರ ಒಳಗೆ ಇದ್ದರೆ ಚಿಂತೆ ಇಲ್ಲ ಅಂತ ಕಮಲಾಕರ ಸರ್ ಮೊದಲೇ ಹೇಳಿಕೊಟ್ಟಿದ್ದರು. ಕುಮಟೆ ಪೇಟೆಯವರದು ಒಂದು, ಎರಡು. ಹೊನ್ನಾವರ ಕಡೆಯದು ಮೂರು, ನಾಲ್ಕು. ನಾನು ಉತ್ಸಾಹದಲ್ಲಿ ಬರೆಯುತ್ತ ಬಂದೆ. ಕಟ್ಟಿನಕೇರಿ ಹಾಳೆ ತೆಗೆದಾಗ ಪೆನ್ನು ನಿಂತಿತು. ನನ್ನದು ಹದಿನೇಳು. ದುರ್ಗಕ್ಕನದು ಇಪ್ಪತ್ತೊಂಬತ್ತು. ಹತ್ತು ತಿಂಗಳ ಕೂಸಿನದು ಇಪ್ಪತ್ತೆರಡು. ಅವ್ವಿಯದು ಮೂವತ್ತೆಂಟು.

ಮೂವತ್ತೆಂಟು ಅಂತ ಚಂದದ ಅಕ್ಷರದಲ್ಲೇ ಬರೆದೆ. ಬೇರೆ ಅಕ್ಷರ ನನಗೆ ಬರುವುದಿಲ್ಲ.

ಕಮಲಾಕರ ಸರ್ ಇಳಿದು ಬಂದು ನೋಡಿದರು. ಮುಖ ಸಣ್ಣದಾಯಿತು. "ಇದು ಗೋಪ್ಯ. ಹೊರಗೆ ಎಲ್ಲೂ ಬಾಯಿ ಬಿಡಬೇಡಿ" ಅಂದರು.

ನಾನು ಬಾಯಿ ಬಿಡಲಿಲ್ಲ. ಇದು ಹೇಳಬೇಕಾದ ಮಾತು, ಅದಕ್ಕೇ ಹೇಳುತ್ತಿದ್ದೇನೆ. ಮೂರು ವಾರ ಸುಮ್ಮನಿದ್ದೆ. ಕೆಲಸ ಹೋಗುತ್ತದೆ ಅಂತ ಹೆದರಿದೆ. ಅವ್ವಿ ಬಳಚಿನ ಸಾರು ಬಡಿಸುವಾಗ "ನಂಗೆ ಬಳಚು ಬೇಜಾರು ಬಂತು, ನೀನೂ ತಿನ್ನಬೇಡ" ಅಂದೆ. "ಎಂತ, ಆಫೀಸರ ಆದ್ಯ?" ಅಂತ ಅವ್ವಿ ನಕ್ಕಳು. ನನ್ನ ಪಾಲನ್ನೂ ಅವಳೇ ಉಂಡಳು.

ಮೂರು ವಾರದ ಮೇಲೆ ಮೇಲಧಿಕಾರಿಗಳಿಂದ ಪತ್ರ ಬಂತು. ಕಮಲಾಕರ ಸರ್ ರಿಜಿಸ್ಟರು ಹಿಡಿದುಕೊಂಡು ಜಗಲಿಗೆ ಬಂದರು.

"ಕಟ್ಟಿನಕೇರಿಯ ಅರವತ್ತನಾಲ್ಕು ಮಾದರಿ ವರದಿಯಿಂದ ತೆಗೀಬೇಕಂತೆ. ಷರಾ ಕಾಲಮಿನಲ್ಲಿ ಒಂದೊಂದಕ್ಕೂ ಬರೀರಿ. 'ಕೊಳಕು ಮಾದರಿ, ಕೈಬಿಟ್ಟಿದೆ.'"

"ಎಂತಕೆ ಸರ್?"

"ಆ ಜನ ಸ್ವಚ್ಛ ಇರೋದಿಲ್ಲ. ಕೂದಲಿಗೆ ಹೊರಗಿನ ಕೊಳೆ ಹತ್ತಿರ್ತದೆ. ಮತ್ತೆ ನಿಮ್ಮದೊಂದು ಕೇರಿಯಿಂದ ಇಡೀ ತಾಲೂಕಿನ ಸರಾಸರಿ ಕೆಡ್ತದೆ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ರಿಜಿಸ್ಟರು ಇಟ್ಟು ಮೇಲೆ ಹೋದರು.

ಬರೆಯಲು ಕೂತೆ. ನಂಬರು ಒಂದು, ಮಾದೇವಿ. ಕೊಳಕು ಮಾದರಿ, ಕೈಬಿಟ್ಟಿದೆ. ನಂಬರು ಎರಡು, ಸುಬ್ಬಿ. ಕೊಳಕು ಮಾದರಿ, ಕೈಬಿಟ್ಟಿದೆ. ನನ್ನ ಕೈಯಲ್ಲೇ ನನ್ನ ಅವ್ವಿಗೆ ಹಾಗೆ ಬರೆದೆ. ಮೂರು. ನಾಲ್ಕು. ದುರ್ಗಕ್ಕ. ಹೀಗೆ ಹತ್ತೊಂಬತ್ತು ಬರೆದೆ. ಇಪ್ಪತ್ತಕ್ಕೆ ಬಂದೆ. ಬೀರನ ಕೂಸು. ದೇವಸ್ಥಾನದಲ್ಲಿ ತೆಗೆಸಿದ ಕೂದಲು, ಅರಿಸಿನದ ಬಟ್ಟೆ. ಆ ಕೂದಲು ತೆಗೆಸುವಾಗ ಕೂಸು ಇನ್ನೂ ಮಣ್ಣಿಗೇ ಇಳಿದಿರಲಿಲ್ಲ. ಅದು ಎಲ್ಲಿಂದ ಕೊಳೆ ತಂದೀತು?

ಪೆನ್ನಿನ ಕ್ಯಾಪು ಹಾಕಿದೆ. ಎದ್ದೆ. ಮೆಟ್ಟಿಲು ಹತ್ತಿದೆ. ಐದು ತಿಂಗಳಲ್ಲಿ ಮೊದಲ ಸಲ. ಹದಿನಾಲ್ಕು ಮೆಟ್ಟಿಲು, ಅಷ್ಟೇ.

ಕಮಲಾಕರ ಸರ್ ಬೆಚ್ಚಿ ನೋಡಿದರು. "ಎಲ್ಲಾ ಬರೆದಾಯ್ತೇ?"

"ಇಲ್ಲ ಸರ್. ಬರೆಯೂದಿಲ್ಲ."

"ಯಾಕೆ?"

"ತೊಳೆದವಳು ನಾನು. ಮೂರು ಮೂರು ಸಲ ತೊಳ್ದಿದ್ದೆ. ನೋಡಿ." ಎರಡೂ ಕೈ ಅವರ ಮೇಜಿನ ಮೇಲೆ ಇಟ್ಟೆ. ಬಿಳಿಚಿದ ಬೆರಳು, ಎದ್ದ ಸಿಪ್ಪೆ. "ಪೇಟೆಯವರ ಕೂದಲೂ ಇದೇ ಕೈ ತೊಳೆದದ್ದು. ಅದು ಶುದ್ಧ, ಇದು ಕೊಳಕಾ? ಕೊಳಕು ಹೊಳೆಗೆ ಬಿಟ್ಟವರು ಬೇರೆ. ಸರಾಸರಿ ಕೆಡಿಸಿದವರು ನಾವಲ್ಲ."

"ಇದು ನನ್ನ ಕೈಯಲ್ಲಿಲ್ಲ ಮಾದೇವಿಯವರೆ."

"ನನ್ನ ಕೈಯಲ್ಲುಂಟು ಸರ್. ನಾನು ಬರೆಯೂದಿಲ್ಲ."

"ಹಾಗಾದರೆ ನಾಳೆಯಿಂದ ಬರಬೇಡಿ." ಮೆತ್ತಗೇ ಹೇಳಿದರು.

"ಆತು" ಅಂದೆ. ಇಳಿದು ಬಂದೆ. ಬೊಮ್ಮಯ್ಯ ಬಾಗಿಲಲ್ಲಿ ನಿಂತಿದ್ದ. ನಾನು ಮರೆತಿದ್ದ ಊಟದ ಡಬ್ಬಿಯನ್ನು ಬಾವಿಕಟ್ಟೆಯಿಂದ ತಂದು ಕೈಗೆ ಕೊಟ್ಟ.

ಆ ಸಂಜೆ ದುರ್ಗಕ್ಕನ ಮನೆ ಅಂಗಳದಲ್ಲಿ ಹೇಳಿದೆ. ಒಂದೊಂದು ಅಂಕಿಯೂ ಬಾಯಿಗೆ ಬಂದಿತ್ತು. ಅರವತ್ತನಾಲ್ಕೂ ಹೇಳಿ ಮುಗಿಸಿದೆ. ದುರ್ಗಕ್ಕ ಎದ್ದು ಬಂದು ನನ್ನ ಕೆನ್ನೆಗೆ ಒಂದು ಕೊಟ್ಟಳು.

"ಮೂರು ವಾರ ಬಾಯಿ ಮುಚ್ಕಂಡು ನಮ್ಮ ಎದ್ರಿಗೆ ಓಡಾಡಿದ್ಯ?"

"ಓಡಾಡಿದೆ."

"ಅವ್ವಿ ಉಣ್ಣೂದು ನೋಡ್ತ ಕೂತ್ಯ?"

"ಕೂತೆ."

ಅವ್ವಿ ಮಧ್ಯೆ ಬರಲಿಲ್ಲ. ಅದೇ ನನಗೆ ಪೆಟ್ಟಿಗಿಂತ ಹೆಚ್ಚು ಉರಿಯಿತು. ಆಮೇಲೆ ಅವಳೇ ಕೇಳಿದಳು, "ಅವರಿಗೆ ನಮ್ಮ ಕೂದಲು ಬ್ಯಾಡ ಅಂದ್ರನಾ?"

"ಬ್ಯಾಡ ಅಂತ."

"ಬ್ಯಾಡಾದ್ರೆ ತಿರುಗಿ ಕೊಡಲಿ. ನಮ್ಮದು ಅವರ ಕಪಾಟದಲ್ಲಿ ಎಂತಕೆ?"

ದುರ್ಗಕ್ಕ ಅವ್ವಿಯನ್ನು ನೋಡಿದಳು. ನನ್ನನ್ನು ನೋಡಿದಳು. ನಗು ಬಂತು ಅವಳಿಗೆ. ಅಂಗಳದಲ್ಲಿದ್ದ ಎಲ್ಲರಿಗೂ ಬಂತು. ಕುಮಟೆಗೆ ಹೋಗಿ ಕೂದಲು ವಾಪಸ್ ಕೇಳುವುದು. ಮೂವತ್ತು ವರ್ಷದಲ್ಲಿ ಇಂಥ ವ್ಯಾಪಾರ ಮಾಡಲಿಲ್ಲ ಅಂದಳು ದುರ್ಗಕ್ಕ.

ಸಂತೆಯ ದಿನ ಹೋದೆವು. ಅವತ್ತು ವರದಿ ಒಯ್ಯಲು ದೊಡ್ಡ ಸಾಹೇಬರು ಜೀಪಿನಲ್ಲಿ ಬರುವವರಿದ್ದರು. ಬೊಮ್ಮಯ್ಯ ಮೀನು ಕೊಳ್ಳುವ ನೆಪದಲ್ಲಿ ದುರ್ಗಕ್ಕನಿಗೆ ಹೇಳಿದ್ದ. ನಲವತ್ತು ಹೆಂಗಸರು, ಆರು ಗಂಡಸರು, ಹದಿನೆಂಟು ಮಕ್ಕಳು. ದೋಣಿಯಲ್ಲಿ ಹೊಳೆ ದಾಟಿ, ಬಿಸಿಲಲ್ಲಿ ನಡೆದು ಹೋದೆವು. ಗೋದಾಮಿನ ಎದುರು ಬುಟ್ಟಿ ಇಳಿಸಿದೆವು. ಹದಿನಾಲ್ಕು ಮೆಟ್ಟಿಲ ಮೇಲೂ ಕೂತೆವು. ಕೆಲವರು ನೇರ ಮೇಲೆ ಹೋಗಿ ಕೋಣೆಯ ನೆಲದ ಮೇಲೆ ಕೂತರು. ಮಹಡಿಗೆ ಬೇಕಾದಷ್ಟು ಮೀನಿನ ವಾಸನೆ ಆಯಿತು.

ದೊಡ್ಡ ಸಾಹೇಬರು ಕರವಸ್ತ್ರದಿಂದ ಮೂಗು ಮುಚ್ಚಿ ಕೇಳಿದರು. "ಏನು ಬೇಕು ಇವರಿಗೆ?"

"ಕೂದಲು" ಅಂದಳು ದುರ್ಗಕ್ಕ.

"ಏನು?"

"ನಮ್ಮ ಕೂದಲು ಒಡೆಯಾ. ಕೊಳಕಾದದ್ದು. ನಿಮಗೆ ಬ್ಯಾಡಂತೆ. ನಮಗೆ ಬೇಕು."

"ಅದು ಸರ್ಕಾರದ ಮಾದರಿ. ಕೊಡೋದಕ್ಕೆ ಬರೋದಿಲ್ಲ."

"ಹಾಗಾದ್ರೆ ಬೇಕು ನಿಮಗೆ. ಬೇಕಾದ್ರೆ ವರದಿಯಾಗೆ ಬರ್ಕಳ್ಳಿ. ಬ್ಯಾಡಾದ್ರೆ ಕೈಗೆ ಕೊಡಿ. ಬೇಕೋ, ಬ್ಯಾಡವೋ? ಒಂದು ಹೇಳಿ. ನಮಗೆ ಮೀನು ಮಾರೂಕೆ ಹೊತ್ತಾತದೆ."

ಸಾಹೇಬರು ಕಮಲಾಕರ ಸರ್ ಕಡೆ ನೋಡಿದರು. ಕಮಲಾಕರ ಸರ್ ಕಿಟಕಿ ಕಡೆ ನೋಡಿದರು. ಹೊರಗೆ ಸಂತೆಯ ಜನ ನಿಂತು ಮೇಲೆ ನೋಡುತ್ತಿದ್ದರು. ಒಂದು ಕೂಸು ಅಳಲು ಶುರು ಮಾಡಿತು. ಇನ್ನೊಂದು ಟೈಪ್‌ರೈಟರಿನ ಗುಂಡಿ ಒತ್ತಿತು.

"ಕೊಟ್ಟು ಕಳಿಸಿ ಇವರನ್ನ" ಅಂದರು ಸಾಹೇಬರು. "ಹೆಬ್ಬೆಟ್ಟು ತಗೊಳ್ಳಿ. ಮಾದರಿ ವಾಪಸ್ ಪಡೆದಿದ್ದೇವೆ ಅಂತ. ಬೇಗ ಮುಗಿಸಿ."

ಆಗ ನಾನು ಮುಂದೆ ಹೋದೆ. "ಕೊಟ್ಟದ್ದಕ್ಕೆ ಪಟ್ಟಿ ಆಗಬೇಕು ಸರ್. ಎರಡು ಪ್ರತಿ. ರಿಜಿಸ್ಟರಿನಲ್ಲಿ ಇದ್ದ ಹಾಗೆ. ಒಂದು ಆಫೀಸಿಗೆ, ಒಂದು ಪಡೆದವರಿಗೆ."

"ಹೌದೇನ್ರೀ?" ಅಂತ ಸಾಹೇಬರು ಕಮಲಾಕರ ಸರ್‌ಗೆ ಕೇಳಿದರು.

ಕಮಲಾಕರ ಸರ್ ನನ್ನ ಬೆರಳು ನೋಡಿದರು. "ನಿಯಮ ಹಾಗೇ ಇದೆ ಸರ್" ಅಂದರು. ಐದು ತಿಂಗಳಲ್ಲಿ ಅವರು ನಮ್ಮ ಪರವಾಗಿ ಆಡಿದ್ದು ಅದೊಂದೇ ಮಾತು. ಸಾಕಾಯಿತು.

ಕಾರ್ಬನ್ ಹಾಳೆ ಇಟ್ಟು ಬರೆಯಲು ಕೂತೆ. ಅವರದೇ ಮೇಜು, ಅವರದೇ ಕುರ್ಚಿ. ನಂಬರು, ಹೆಸರು, ಕೇರಿ, ಅಂಕಿ. ಬರೆದದ್ದನ್ನು ಗಟ್ಟಿಯಾಗಿ ಓದುವುದು. ಓದಿದ ಮೇಲೆ ಹೆಬ್ಬೆಟ್ಟು, ಆಮೇಲೆ ಲಕೋಟೆ.

"ನಂಬರು ಒಂದು. ಮಾದೇವಿ. ಕಟ್ಟಿನಕೇರಿ. ಪಾದರಸ ಹದಿನೇಳು. ಆರರ ಒಳಗೆ ಇರಬೇಕು." ನಾನು ಸಹಿ ಹಾಕಿದೆ.

"ನಂಬರು ಎರಡು. ಸುಬ್ಬಿ. ಕಟ್ಟಿನಕೇರಿ. ಪಾದರಸ ಮೂವತ್ತೆಂಟು. ಆರರ ಒಳಗೆ ಇರಬೇಕು."

ಮೆಟ್ಟಿಲ ಮೇಲೆ ಕೂತವರು ಅದನ್ನೇ ಕೆಳಗಿನವರಿಗೆ ಹೇಳಿದರು. ಕೆಳಗಿನವರು ಬೀದಿಗೆ ಹೇಳಿದರು. ಮೂವತ್ತೆಂಟು, ಮೂವತ್ತೆಂಟು ಅಂತ ಮಾತು ಬಾಳೆಹಣ್ಣಿನ ಅಂಗಡಿವರೆಗೆ ಹೋಯಿತು. ಸಾಹೇಬರಿಗೆ ಆಗ ಎಚ್ಚರ ಆಯಿತು.

"ಅಂಕಿ ಯಾಕೆ ಓದ್ತೀರಿ? ಅಂಕಿ ಬೇಡ. ನಿಲ್ಲಿಸಿ."

"ಎಂತದಕ್ಕೆ ಹೆಬ್ಬೆಟ್ಟು ಒತ್ತೂದು ಅಂತ ತಿಳೀಬೇಕಲ್ಲ ಒಡೆಯಾ" ಅಂದಳು ದುರ್ಗಕ್ಕ. "ತಿಳೀದೆ ಒತ್ತಿ ಒತ್ತಿಯೇ ನಾವು ಇಲ್ಲಿಗೆ ಬಂದದ್ದು."

ಸಾಹೇಬರು ರಿಜಿಸ್ಟರಿಗೆ ಕೈ ಹಾಕಿದರು. ರಿಜಿಸ್ಟರಿನ ಮೇಲೆ ಆಗಲೇ ಅವ್ವಿಯ ಕೈ ಇತ್ತು. ನಡುಗುವ ಕೈ. ತೆಗೆಯಲಿಲ್ಲ. ಬೊಮ್ಮಯ್ಯ ಬಂದು ಅವಳ ಹೆಬ್ಬೆರಳಿಗೆ ಮಸಿ ಹಚ್ಚಿದ. ಗುರುತು ಚೌಕದೊಳಗೆ ನಿಲ್ಲಲಿಲ್ಲ. ಅರ್ಧ ಕಾಲಮು ದಾಟಿ ಹರಡಿತು. "ಇರಲಿ, ಕಾಣ್ತದಲ್ಲ" ಅಂದಳು ಅವ್ವಿ.

ಮೂರು ಗಂಟೆ ಹಿಡಿಯಿತು. ಅರವತ್ತನಾಲ್ಕು ಹೆಸರು, ಅರವತ್ತನಾಲ್ಕು ಅಂಕಿ. ಬೀರ ತನ್ನ ಕೂಸನ್ನು ಎತ್ತಿ ಹಿಡಿದು, ಅದರ ಲಕೋಟೆಯನ್ನು ಅದರ ಮುಷ್ಟಿಗೇ ಕೊಟ್ಟ. ಕಮಲಾಕರ ಸರ್ ಎರಡೂ ಪ್ರತಿಗೆ ಆಫೀಸಿನ ಮೊಹರು ಒತ್ತಿದರು. ಸಾಹೇಬರು ಆಗಲೇ ಜೀಪಿನಲ್ಲಿ ಕೂತಿದ್ದರು. ಜೀಪಿಗೆ ದಾರಿ ಇರಲಿಲ್ಲ. ಸಂತೆ.

ಇದರಿಂದ ಕಾರ್ಖಾನೆ ಮುಚ್ಚಲಿಲ್ಲ. ಆ ವರ್ಷದ ವರದಿಯಲ್ಲಿ ನಮ್ಮ ಕೇರಿ ಬರಲಿಲ್ಲ. ತಾಲೂಕಿನ ಸರಾಸರಿ ಚಂದ ಇತ್ತಂತೆ. ನನಗೆ ಮತ್ತೆ ಬಳಚೇ ಕೆಲಸ. ಆದರೆ ಪಟ್ಟಿ ನಮ್ಮ ಹತ್ತಿರ ಇತ್ತು. ಮನೆಯಲ್ಲಿ ಕೂತು ನಾನು ಅದನ್ನು ಬೇರೆ ಥರ ಬರೆದೆ. ಯಾರು ಹೊಳೆಯ ಯಾವ ಕಡೆ ಹೆಕ್ಕುತ್ತಾರೆ ಅಂತ ಕೇಳಿ, ಆ ಲೆಕ್ಕದಲ್ಲಿ ಅಂಕಿ ಜೋಡಿಸಿದೆ. ಪೈಪಿನ ಹತ್ತಿರ ಹೆಕ್ಕುವವರದು ಮೂವತ್ತರ ಆಸುಪಾಸು. ಹೊಳೆ ಸಮುದ್ರ ಸೇರುವ ಬಾಯಿಯ ಹತ್ತಿರ ಹೆಕ್ಕುವ ಮೂರು ಮನೆಯವರದು ಎಂಟು, ಒಂಬತ್ತು. ಇದನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಕಿರಲಿಲ್ಲ. ಕೇಳಬೇಕಿತ್ತು, ಅಷ್ಟೇ. ಮೇಲಿನ ಕಡೆ ಹೆಕ್ಕುವುದು ಬಿಟ್ಟೆವು. ಬಾಯಿಯ ಕಡೆಗೆ ಹೋಗಿ ಬರಲು ಒಂದೂವರೆ ಗಂಟೆ ಹೆಚ್ಚು ನಡಿಗೆ. ಬೈದುಕೊಂಡು ನಡೆದೆವು. ವರ್ಷ ಕಳೆಯುವಾಗ ಅವ್ವಿಯ ಸೀರೆಗೆ ಬೀಳುವ ಚಾ ಸ್ವಲ್ಪ ಕಮ್ಮಿಯಾಯಿತು. ಪೂರ್ತಿ ನಿಲ್ಲಲಿಲ್ಲ.

ಎಂಬತ್ತಾರರಲ್ಲಿ ಹೊಸ ಆಫೀಸರೊಬ್ಬ ಬಂದ. ಕಾರ್ಖಾನೆಯ ನೀರಿನ ಬಗ್ಗೆ ಯಾರೋ ಮತ್ತೆ ಅರ್ಜಿ ಹಾಕಿದ್ದರಂತೆ. ಇಳಿತದ ಹೊತ್ತು. ನಾವು ಸಮುದ್ರದ ಬಾಯಿಯ ಹತ್ತಿರ ಕೆಸರಿನಲ್ಲಿ ಬಗ್ಗಿದ್ದೆವು. ಅವನು ಬೂಟು ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ನಮ್ಮ ಹತ್ತಿರದವರೆಗೂ ನಡೆದು ಬಂದ. ಒಳ್ಳೆಯ ಹುಡುಗ.

"ಅಮ್ಮ, ಒಂದು ಪರೀಕ್ಷೆಗೆ ನಿಮ್ಮೆಲ್ಲರ ಸ್ವಲ್ಪ ಸ್ವಲ್ಪ ಕೂದಲು ಬೇಕಾಗಿತ್ತು."

ದುರ್ಗಕ್ಕ ಸೊಂಟ ನೆಟ್ಟಗೆ ಮಾಡಿದಳು. ಕೈ ತೊಳೆದು ಒರೆಸಿಕೊಂಡಳು. ಬುಟ್ಟಿಯಲ್ಲಿ ಯಾವಾಗಲೂ ಇರುವ ತಗಡಿನ ಡಬ್ಬಿಯಿಂದ, ಪ್ಲಾಸ್ಟಿಕ್ ಸುತ್ತಿದ ಪಟ್ಟಿ ತೆಗೆದು ಅವನ ಕೈಗಿಟ್ಟಳು.

"ಕೊಡುವ. ಮೊದಲು ಇದನ್ನ ಓದು ತಮ್ಮಾ. ಗಟ್ಟಿಯಾಗಿ ಓದು. ಕೇಳ್ತಾ ಇರ್ತೆವು ನಾವು."

ಅವನು ಓದಲು ಶುರು ಮಾಡಿದ. ಮೊದಲು ಬೇಗ ಬೇಗ ಓದಿದ. ಹತ್ತನೆಯ ಹೆಸರಿಗೆ ನಿಧಾನ ಆದ. ಇಪ್ಪತ್ತಕ್ಕೆ ಬಂದಾಗ ತಲೆ ಎತ್ತಿ ನಮ್ಮನ್ನು ನೋಡಿದ. ನಾವು ಹೆಕ್ಕುತ್ತಲೇ ಇದ್ದೆವು. ಭರತ ಏರಲು ಶುರುವಾಗಿತ್ತು. ನೀರು ಅವನ ಪಾದ ಮುಚ್ಚಿತು, ಮಡಚಿದ ಪ್ಯಾಂಟು ಮುಟ್ಟಿತು, ಮೊಣಕಾಲಿಗೆ ಬಂತು. ಇನ್ನೂ ಮೂವತ್ತು ಹೆಸರು ಇತ್ತು. ಅವನು ಪಟ್ಟಿಯನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡು ಓದುವುದನ್ನು ಮುಂದುವರಿಸಿದ.